ಕುರಿಯಲ್ಲದ ಇನ್ನೂರ ಹನ್ನೆರಡು

ನ್ಯೂಜಿಲೆಂಡಿನ ಕುರಿಗಳಿಗೆ ಮಲೇರಿಯಾ ಇಲ್ಲ. ಇದು ಲಾಗಾಯ್ತಿನಿಂದ ಎಲ್ಲರಿಗೂ ತಿಳಿದ ಸಂಗತಿಯೇ ಆಗಿದ್ದರೂ ೨೦೦೫ನೇ ಇಸವಿಯ ಅಕ್ಟೋಬರ್ ಕೊನೆಯವರೆಗೆ ಅಧಿಕೃತವಾಗಿರಲಿಲ್ಲ. ಅದನ್ನು ಅಧಿಕೃತಗೊಳಿಸಿದ ಕೀರ್ತಿ ಲೋವರ್ ಹಟ್ ನಗರದ ಜೀವಾಣು ಮತ್ತು ತತ್ಸಂಬಂಧಿ ವಿಷಯಗಳ ಸಂಶೋಧನಾಲಯಕ್ಕೂ, ಅಲ್ಲಿನ ವಿಜ್ಞಾನಿ ಡಾ. ಚಂದ್ರಿಕಾ ಅವರಿಗೂ ಸಲ್ಲತಕ್ಕದ್ದು. ಚಂದ್ರಿಕಾಗೆ ಮಾತ್ರ ಆ ಕೀರ್ತಿ ಬೇಕಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದು ಯಂತ್ರ, ಅದೂ ಹದಿನಾಲ್ಕೇ ದಿನಕ್ಕೆ.

ಆದದ್ದು ಇಷ್ಟು. ಆಗಸ್ಟಿನಲ್ಲಿ, ದಕ್ಷಿಣದ ಗಾಳಿ ಮಾಡಿನ ತಗಡು ಕಿತ್ತುಹೋಗುವಂತೆ ಬೀಸುತ್ತಿದ್ದ ಒಂದು ಬೆಳಿಗ್ಗೆ, ಅವಳ ಮೇಜಿಗೆ ದಪ್ಪನೆಯ ಲಕೋಟೆಯೊಂದು ಬಂತು. ಕಳಿಸಿದವಳು ಡಾ. ಗ್ರೇಸ್ ಮ್ವಾಲೆ. ಆಫ್ರಿಕಾದ ಮಲಾವಿ ಸರೋವರದ ದಂಡೆಯ ಮೇಲೆ ಮೂವತ್ತು ಹಾಸಿಗೆಯ ಆಸ್ಪತ್ರೆ ನೋಡಿಕೊಳ್ಳುವವಳು. ಹಿಂದೆ ನ್ಯೂಜಿಲೆಂಡಿನ ಡನೀಡಿನ್ನಿನಲ್ಲಿ ಓದುವಾಗ ಇಬ್ಬರೂ ಫ್ಲ್ಯಾಟ್‌ಮೇಟುಗಳು; ಚಂದ್ರಿಕಾ ಕಲೆಸಿದ ಪುಳಿಯೋಗರೆ ತಿಂದು, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ತುತ್ತು ಕೇಳಿದವಳು. ಲಕೋಟೆಯೊಳಗೆ, ಪರವಾನಗಿ ಪತ್ರಗಳ ಜೊತೆ, ಇನ್ನೂರ ಹನ್ನೆರಡು ಕಾಗದದ ತುಂಡುಗಳಿದ್ದವು. ಒಂದೊಂದರ ಮೇಲೂ ಒಣಗಿದ ಒಂದು ತೊಟ್ಟು ರಕ್ತ, ಒಂದು ಸಂಖ್ಯೆ, ಒಂದು ಮಗುವಿನ ವಯಸ್ಸು. ಎಂಬತ್ತೇಳನೆಯದರ ಮೇಲೆ ‘ಎರಡು ವರ್ಷ ಆರು ತಿಂಗಳು’ ಎಂದಿತ್ತು. ಪಕ್ಕದಲ್ಲಿ ಯಾರೋ ನರ್ಸಮ್ಮ ಪೆನ್ಸಿಲಿನಲ್ಲಿ ‘ಕಚ್ಚುತ್ತಾಳೆ’ ಎಂದು ಸೇರಿಸಿದ್ದಳು.

“ಇಲ್ಲಿ ಕೊಡುವ ಮಲೇರಿಯಾ ಮಾತ್ರೆ ನಾಟುತ್ತಿಲ್ಲ, ಚಂದ್ರಿಕಾ,” ಎಂದು ಬರೆದಿದ್ದಳು ಗ್ರೇಸ್. “ಜ್ವರ ಬಿಡುತ್ತದೆ, ಎರಡು ವಾರಕ್ಕೆ ಮತ್ತೆ ಹಿಡಿಯುತ್ತದೆ. ಎರಡನೇ ಸಲ ಬಂದ ಮಕ್ಕಳಲ್ಲಿ ಕೆಲವರು ಮನೆಗೆ ವಾಪಸು ಹೋಗುವುದಿಲ್ಲ. ಮಾತ್ರೆ ಬದಲಿಸಿ ಎಂದು ನಮ್ಮ ಪ್ರಾಂತದ ಔಷಧ ಮಂಡಳಿಗೆ ಮೂರು ವರ್ಷದಿಂದ ಬರೆಯುತ್ತಿದ್ದೇನೆ. ಪುರಾವೆ ಎಲ್ಲಿ ಅನ್ನುತ್ತಾರೆ. ಪುರಾವೆ ಈ ಲಕೋಟೆಯಲ್ಲಿದೆ, ಅದನ್ನು ಓದುವ ಯಂತ್ರ ನಿನ್ನ ಹತ್ತಿರ ಇದೆ. ನವೆಂಬರಿನಲ್ಲಿ ಮಳೆ, ಮಳೆ ಬಂತೆಂದರೆ ಸೊಳ್ಳೆ. ಅವಸರವೇನಿಲ್ಲ. ಆದರೆ ದಯವಿಟ್ಟು ಅವಸರ ಮಾಡು.”

ರೋಗಾಣುವಿನ ಒಂದು ಜೀನಿನಲ್ಲಿ ಮೂರು ಕಡೆ ಬದಲಾವಣೆ ಆಗಿದೆಯೇ ಎಂದು ನೋಡಬೇಕು. ಆಗಿದ್ದರೆ ಆ ಮಾತ್ರೆ ದಂಡ. ಕಾಗದದಿಂದ ರಕ್ತ ಬಿಡಿಸಿ, ಡಿಎನ್‌ಎ ತೆಗೆದು, ಯಂತ್ರಕ್ಕೆ ಹಾಕಿ ಎರಡು ವಾರ ಕಾದರೆ ಮುಗಿಯಿತು. ಯಂತ್ರ ಅವಳ ಕೋಣೆಯ ಎದುರಿಗೇ ಇತ್ತು, ಖಾಲಿ ಬಿದ್ದಿತ್ತು, ಅದರ ಮೇಲೆ ಯಾರೋ ಕಾಫಿ ಲೋಟ ಇಟ್ಟಿದ್ದರು. ಆದರೆ ಯೋಜನಾ ಸಂಖ್ಯೆ ಒತ್ತದೆ ಅದು ಚಾಲೂ ಆಗುತ್ತಿರಲಿಲ್ಲ. ಸಂಖ್ಯೆ ಬೇಕಾದರೆ ನಮೂನೆ ಏಳನ್ನು ತುಂಬಬೇಕು. ನಮೂನೆ ಏಳರ ನಾಲ್ಕನೇ ಕಲಂ ಹೀಗಿತ್ತು: “ಸದರಿ ಸಂಶೋಧನೆಯಿಂದ ನ್ಯೂಜಿಲೆಂಡಿಗೆ ಆಗಲಿರುವ ಪ್ರಯೋಜನವನ್ನು ನಮೂದಿಸತಕ್ಕದ್ದು.”

ಚಂದ್ರಿಕಾ ಮೈಸೂರಿನ ಮೇಷ್ಟರ ಮಗಳು. ಪ್ರಶ್ನೆ ಕೇಳಿದರೆ ಸರಿಯುತ್ತರ ಬರೆದೇ ಅಭ್ಯಾಸ. “ನ್ಯೂಜಿಲೆಂಡಿನಲ್ಲಿ ಮಲೇರಿಯಾ ಇಲ್ಲ. ಮಕ್ಕಳು ಉಳಿಯುತ್ತಾರೆ” ಎಂದು ಬರೆದಳು. ಅರ್ಜಿ ಮಧ್ಯಾಹ್ನದೊಳಗೆ ವಾಪಸು ಬಂತು.

ಸಂಶೋಧನಾಲಯದ ಆಡಳಿತಾಧಿಕಾರಿ ಗ್ಲೆನಿಸ್ ಕೆಟ್ಟವಳಲ್ಲ, ಆ ಮಾತು ಈಗಲೇ ಹೇಳಿಬಿಡಬೇಕು. ಯಾರ ಅರ್ಜಿ ತಿರಸ್ಕರಿಸುವುದಿದ್ದರೂ ಕೂರಿಸಿ, ಚಹಾ ಕೊಟ್ಟು, ಶುಂಠಿ ಬಿಸ್ಕತ್ತು ಮುಂದಿಟ್ಟೇ ತಿರಸ್ಕರಿಸುತ್ತಿದ್ದಳು.

“ಮಕ್ಕಳು ಅಂತ ಬರೆದಿದ್ದೀಯಲ್ಲ, ನಮ್ಮ ಮಕ್ಕಳೋ?” ಎಂದು ಕೇಳಿದಳು.

“ಅಲ್ಲ. ಮಲಾವಿ ಸರೋವರದ ಕಡೆಯವರು.”

“ಅಯ್ಯೋ ಪಾಪ,” ಎಂದಳು ಗ್ಲೆನಿಸ್. ಅವಳಿಗೆ ನಿಜವಾಗಿಯೂ ಪಾಪ ಅನ್ನಿಸಿತ್ತು. “ಆದರೆ ಕಂಪ್ಯೂಟರ್ ಒಪ್ಪುವುದಿಲ್ಲ ನೋಡು. ಈ ಪಟ್ಟಿಯಲ್ಲಿ ಯಾವುದಾದರೂ ಒಂದನ್ನು ಆರಿಸಲೇಬೇಕು.”

ಪಟ್ಟಿಯಲ್ಲಿ ಹಾಲು, ಕುರಿ, ಮರಮಟ್ಟು, ಕಿವಿಹಣ್ಣು, ಇತರೆ ಎಂದಿತ್ತು. ಚಂದ್ರಿಕಾ ‘ಇತರೆ’ ಒತ್ತಿದಳು. ಅದು ಒತ್ತಿಸಿಕೊಳ್ಳಲಿಲ್ಲ.

“ಅದನ್ನು ಮಾರ್ಚಿನಲ್ಲೇ ಮುಚ್ಚಿದೆವು,” ಎಂದಳು ಗ್ಲೆನಿಸ್. “ಎಲ್ಲರೂ ಅದನ್ನೇ ಆರಿಸುತ್ತಿದ್ದರು.”

ಚಂದ್ರಿಕಾ ವೈಜ್ಞಾನಿಕವಾಗಿ ಯೋಚಿಸಿದಳು. ಮರಕ್ಕೆ ರಕ್ತವಿಲ್ಲ, ಹಣ್ಣಿಗೂ ಇಲ್ಲ, ಹಾಲಿಗೆ ಸೊಳ್ಳೆ ಕಚ್ಚುವುದಿಲ್ಲ. ಕುರಿ ಒತ್ತಿದಳು. ಕೂಡಲೇ ಹೊಸ ಪುಟವೊಂದು ತೆರೆದು ‘ಎಷ್ಟು?’ ಎಂದು ಕೇಳಿತು. ಸೊನ್ನೆ ಹಾಕಿದರೆ ಕೆಂಪಾಯಿತು. ಒಂದು ಹಾಕಿದರೂ ಕೆಂಪಾಯಿತು. ಹನ್ನೆರಡಕ್ಕೆ ಹಸಿರಾಯಿತು.

ಸಂಜೆ ಗಂಡ ನರಸಿಂಹ ವೆಲಿಂಗ್ಟನ್ ರೈಲಿನಿಂದ ಇಳಿದು ಮನೆಗೆ ಬಂದಾಗ ಅವಳು ಹುಳಿಗೆ ಒಗ್ಗರಣೆ ಹಾಕುತ್ತ ಎಲ್ಲ ಹೇಳಿದಳು.

“ಅಲ್ವೇ, ಕುರಿಗೆ ಈ ಮಲೇರಿಯಾ ಬರಲ್ಲ ಅಂತ ನಿಂಗೂ ಗೊತ್ತು, ಅವ್ರಿಗೂ ಗೊತ್ತು.”

“ಗೊತ್ತಿದ್ರೆ ಸಾಲಲ್ವಂತೆ ರೀ. ಸಾಬೀತಾಗ್ಬೇಕಂತೆ.”

“ಹೋಗ್ಲಿ ಬಿಡು, ಪೊರಿರುವಾ ರಜಾಕ್ ಭಾಯ್‌ಗೆ ಫೋನ್ ಮಾಡು. ಈ ಸುತ್ತಲಿನ ಕುರಿಯೆಲ್ಲ ಅವ್ರಿಗೆ ಪರಿಚಯ.”

ಗದಗಿನ ಕಡೆಯ ರಜಾಕ್ ಸಾಹೇಬರು ಪೊರಿರುವಾದಲ್ಲಿ ಕುರಿ ಸಾಕುವವರಿಗೆ ಬೇಲಿತಂತಿ, ಉಣ್ಣೆ ಕತ್ತರಿ, ಜಂತುಹುಳದ ಔಷಧ ಮಾರುತ್ತಿದ್ದರು. ಇಪ್ಪತ್ತು ವರ್ಷದ ವ್ಯಾಪಾರದಲ್ಲಿ ಗಿರಾಕಿ ಏನು ಕೇಳಿದರೂ ಹುಬ್ಬೇರಿಸಿದವರಲ್ಲ.

“ಭಾಯ್, ನಂಗೊಂದು ಹನ್ನೆರಡು ಕುರಿ ಬೇಕಿತ್ತು.”

“ದಾವತ್ತ ಇಟ್ಟೀರೇನ್ರಿ ಅಕ್ಕಾರ?”

“ಇಲ್ಲ, ಮಲೇರಿಯಾಕ್ಕೆ.”

“ಹೌದ್ರಿ? ಮಲೇರಿಯಾ ಇದ್ದದ್ದು ಬೇಕೋ, ಇಲ್ಲದ್ದೋ?”

“ಇಲ್ಲದ್ದು.”

“ಹಂಗಾದ್ರ ಭಾಳ ಅದಾವ ಬಿಡ್ರಿ, ನಾಕ ಕೋಟಿ ಅದಾವ. ಆದ್ರ ಈಗ ಅವು ಈಯೂ ದಿನಾರೀ. ಸೆಪ್ಟೆಂಬರ್ ಮುಗೀಲಿ, ನಾನ ನನ್ನ ಯೂಟ್ ಗಾಡ್ಯಾಗ ತಂದ ಬಿಡ್ತೀನಿ.”

ಸೆಪ್ಟೆಂಬರ್ ವ್ಯರ್ಥವಾಗಲಿಲ್ಲ. ಕುರಿ ಎಂದ ಮೇಲೆ ಪ್ರಾಣಿಕ್ಷೇಮ ಸಮಿತಿಯ ಒಪ್ಪಿಗೆ ಬೇಕಾಯಿತು. ಸಮಿತಿಯು ಮೂವತ್ತನಾಲ್ಕು ಪುಟದ ಅರ್ಜಿಯನ್ನು ಆಮೂಲಾಗ್ರ ಪರಿಶೀಲಿಸಿ ತನ್ನ ಹತ್ತೊಂಬತ್ತನೇ ನಿಯಮವನ್ನು ಜ್ಞಾಪಿಸಿತು: “ಕುರಿಯು ಸಂಘಜೀವಿಯಾಗಿರುವ ಕಾರಣ, ಯಾವುದೇ ಕುರಿಯನ್ನು ಒಂಟಿಯಾಗಿ ಸಂಶೋಧಿಸತಕ್ಕದ್ದಲ್ಲ. ಪ್ರತಿಯೊಂದಕ್ಕೂ ಒಂದು ಜೊತೆಕುರಿ ಇರತಕ್ಕದ್ದು.” ಹನ್ನೆರಡು ಇಪ್ಪತ್ತನಾಲ್ಕಾಯಿತು. ಹಾಗಾದರೆ ಜೊತೆಕುರಿಗೆ ಯಾರು ಜೊತೆ ಎಂದು ಸದಸ್ಯರೊಬ್ಬರು ಎತ್ತಿದ ಪ್ರಶ್ನೆ ಎರಡು ವಾರ ಚರ್ಚೆಗೊಳಗಾಗಿ, ಮೂಲಕುರಿಯೇ ಜೊತೆಕುರಿಗೂ ಜೊತೆ ಎಂದು ಸರ್ವಾನುಮತದಿಂದ ತೀರ್ಮಾನವಾಯಿತು. ಅಷ್ಟರಲ್ಲಿ ಗ್ರೇಸಳಿಂದ ಎರಡೇ ಸಾಲಿನ ಕಾಗದ ಬಂತು: “ಕಪ್ಪೆಗಳು ಕೂಗಲು ಶುರು ಮಾಡಿವೆ. ನಿನಗೆ ತೊಂದರೆ ಕೊಡುತ್ತಿಲ್ಲ ತಾನೇ?”

ಅಕ್ಟೋಬರ್ ಮೊದಲ ವಾರ ಅಂತೂ ಅರ್ಜಿಯ ಕೊನೆಯ ಪುಟ ತೆರೆಯಿತು. ಅದರಲ್ಲಿ ಫಲಿತಾಂಶ ತುಂಬಲು ಎರಡು ಅಂಕಣ: ‘ಕುರಿ’ ಮತ್ತು ‘ಕುರಿಯಲ್ಲದ್ದು’.

“ಗ್ಲೆನಿಸ್, ಇವರು ಮಕ್ಕಳು,” ಎಂದಳು ಚಂದ್ರಿಕಾ.

“ಗೊತ್ತಮ್ಮಾ. ಆದರೆ ತಲೆಬರಹ ಬದಲಿಸಲು ಬರುವುದಿಲ್ಲ.” ಗ್ಲೆನಿಸ್ ಬಿಸ್ಕತ್ತಿನ ಡಬ್ಬಿ ಹತ್ತಿರ ತಳ್ಳಿದಳು. “ಹಾಗೆ ನೋಡಿದರೆ ತಪ್ಪೂ ಇಲ್ಲವಲ್ಲ. ಅವರು ಕುರಿಯಲ್ಲ.”

ಚಂದ್ರಿಕಾ ಡಬ್ಬಿಯನ್ನು ಹಿಂದಕ್ಕೆ ತಳ್ಳಿದಳು. ಎದ್ದು ಹೋಗಿ ಶೌಚಾಲಯದಲ್ಲಿ ನಲ್ಲಿ ತಿರುಗಿಸಿಕೊಂಡು ಮನಸಾರೆ ಅತ್ತಳು. ಇಪ್ಪತ್ತನಾಲ್ಕು ಕುರಿಗೆ ಜೊತೆ ಹುಡುಕಿದ ಮಹಾಶಯರು, ಎರಡೂವರೆ ವರ್ಷದ ಮಗುವಿಗೆ ಒಂದು ಅಂಕಣದ ಹೆಸರು ಕೊಡಲಾರದೆ ಹೋದರಲ್ಲ ಎಂದು ಹೊಟ್ಟೆ ಉರಿಯಿತು. ಮುಖ ತೊಳೆದು ಬಂದು, ‘ಕುರಿಯಲ್ಲದ್ದು’ ಎಂಬುದರ ಕೆಳಗೆ ಇನ್ನೂರ ಹನ್ನೆರಡು ಎಂದು ತುಂಬಿದಳು. ಹಸಿರಾಯಿತು. “ನ್ಯೂಜಿಲೆಂಡ್ ಕುರಿಗಳಲ್ಲಿ ಮಲೇರಿಯಾದ ಅನುಪಸ್ಥಿತಿ” ಎಂಬ ಹೆಸರಿನ ಯೋಜನೆಗೆ ಸಂಖ್ಯೆ ಮಂಜೂರಾಯಿತು.

ರಜಾಕ್ ಸಾಹೇಬರು ಹೇಳಿದ ದಿನ ಕುರಿ ತಂದರು. ರಕ್ತ ತೆಗೆಯುವಾಗ ಜೊತೆಕುರಿಗಳು ಜೊತೆಗೆ ನಿಂತು ಹುಲ್ಲು ತಿಂದವು. ಕಾಫಿ ಲೋಟ ಎತ್ತಿಟ್ಟು ಯಂತ್ರ ಚಾಲೂ ಮಾಡಲಾಯಿತು. ಹದಿನಾಲ್ಕನೇ ದಿನಕ್ಕೆ ಫಲಿತಾಂಶ ಬಂತು. ಕುರಿ, ಹನ್ನೆರಡರಲ್ಲಿ ಸೊನ್ನೆ. ಕುರಿಯಲ್ಲದ್ದು, ಇನ್ನೂರ ಹನ್ನೆರಡರಲ್ಲಿ ನೂರ ಎಂಬತ್ತೊಂದಕ್ಕೆ ಮೂರೂ ಬದಲಾವಣೆ ಆಗಿದ್ದವು. ಎಂಬತ್ತೇಳನೆಯದೂ ಅದರಲ್ಲಿತ್ತು. ಅಂದರೆ ಸರೋವರದ ದಂಡೆಯಲ್ಲಿ ಆ ಮಾತ್ರೆ ಕೊಡುವುದೂ ಒಂದೇ, ಸುಣ್ಣದ ಚೂರು ಕೊಡುವುದೂ ಒಂದೇ.

ಅವಳು ಅಂದೇ ಗ್ರೇಸಳಿಗೆ ಕಳಿಸಲು ಹೊರಟಳು. ಫಲಿತಾಂಶದ ಭಾಗಶಃ ಬಿಡುಗಡೆ ನಿಷಿದ್ಧ, ಕುರಿಗಳ ಸಮೇತ ಪೂರ್ಣ ವರದಿಯೇ ಹೋಗತಕ್ಕದ್ದು, ಅದೂ ಪತ್ರಿಕಾ ಪ್ರಕಟಣೆಯ ನಂತರ, ಎಂದು ಗ್ಲೆನಿಸ್ ತಿಳಿಸಿದಳು. ಪ್ರಕಟಣೆ ಅಕ್ಟೋಬರ್ ಇಪ್ಪತ್ತೆಂಟಕ್ಕೆ ಹೊರಟಿತು: “ನಮ್ಮ ಕುರಿಗಳು ಸಂಪೂರ್ಣ ಮಲೇರಿಯಾಮುಕ್ತ ಎಂದು ಅತ್ಯಾಧುನಿಕ ಅಣುಜೀವವಿಜ್ಞಾನದ ಮೂಲಕ ದೃಢಪಡಿಸಲು ಸಂಶೋಧನಾಲಯವು ಹೆಮ್ಮೆಪಡುತ್ತದೆ. ಸಾರ್ವಜನಿಕರು ನಿಶ್ಚಿಂತರಾಗಿರತಕ್ಕದ್ದು.” ಸಾರ್ವಜನಿಕರು ನಿಶ್ಚಿಂತರಾದರು. ನಿರ್ದೇಶಕರು ಜೊತೆಕುರಿಯೊಂದನ್ನು ತಬ್ಬಿಕೊಂಡು ಫೋಟೋ ತೆಗೆಸಿಕೊಂಡರು. ನಮ್ಮ ಜಿಂಕೆಗಳು ಏನು ಪಾಪ ಮಾಡಿದ್ದವು ಎಂದು ಜಿಂಕೆ ಸಾಕುವವರ ಸಂಘದಿಂದ ಆಕ್ಷೇಪಣೆ ಬಂತು.

“ಅಕ್ಕಾರ, ‘ಮಲೇರಿಯಾ ಇಲ್ಲ’ ಅಂತ ಸ್ಟಿಕ್ಕರ್ ಮಾಡಿಸಿ ಅಂಗಡ್ಯಾಗ ಇಟ್ಟೀನ್ರಿ,” ಎಂದು ರಜಾಕ್ ಸಾಹೇಬರು ಫೋನ್ ಮಾಡಿದರು. “ಬಿಸಿ ಮಿರ್ಚಿ ಹೋದಂಗ ಹೊಂಟಾವ. ಹೊಲದವರು ಬೇಲಿಗೆ ಹಚ್ಚಾಕತ್ತಾರ.”

ವರದಿ ಅರವತ್ತನಾಲ್ಕು ಪುಟ. ನುಣುಪು ಕಾಗದ, ಮುಖಪುಟದ ಮೇಲೆ ಬಣ್ಣದ ಕುರಿ. ಮಕ್ಕಳಿದ್ದದ್ದು ಅರವತ್ತಮೂರನೇ ಪುಟದಲ್ಲಿ, ಅನುಬಂಧವಾಗಿ. ಚಂದ್ರಿಕಾ ಆ ಪುಟಕ್ಕೆ ಒಂದು ಚೀಟಿ ಸಿಕ್ಕಿಸಿ ಕೊರಿಯರಿಗೆ ಹಾಕಿ, ಮನೆಗೆ ಬಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ವಿಜ್ಞಾನಿ ಹಾಗೆ ಮಾಡಬಹುದೇ ಎಂದು ಕೇಳುವ ಬದಲು ನರಸಿಂಹ ಗಂಟೆ ಬಾರಿಸಿದ.

ಗ್ರೇಸ್ ಬಿಳೀ ಹಾಳೆಯಲ್ಲಿ ಮೂರು ವರ್ಷ ಬರೆದ ಅರ್ಜಿಗಳನ್ನು ಮುಟ್ಟದಿದ್ದ ಔಷಧ ಮಂಡಳಿಯು, ಬಣ್ಣದ ಕುರಿಯನ್ನು ಕಂಡು ಒಂದೇ ವಾರದಲ್ಲಿ ಸಭೆ ಕರೆಯಿತು. ಸುತ್ತೋಲೆಯ ಒಂದು ಪ್ರತಿ ಚಂದ್ರಿಕಾಗೂ ಬಂತು: “ಕುರಿಗಳ ಆರೋಗ್ಯವನ್ನು ಮಂಡಳಿಯು ಹರ್ಷದಿಂದ ಗಮನಿಸಿದೆ. ಅರವತ್ತಮೂರನೇ ಪುಟದನ್ವಯ, ಕುರಿಯಲ್ಲದ ಎಲ್ಲ ರೋಗಿಗಳಿಗೂ ಹಾಲಿ ಮಾತ್ರೆಯನ್ನು ತಕ್ಷಣದಿಂದ ನಿಲ್ಲಿಸಿ ಹೊಸ ಮಾತ್ರೆ ಕೊಡತಕ್ಕದ್ದು. ಕುರಿಗಳಿಗೆ ಹಳೆಯದನ್ನೇ ಮುಂದುವರಿಸಬಹುದು. ನಮ್ಮಲ್ಲಿ ಆಡುಗಳು ವಿಶೇಷವಾಗಿದ್ದು, ಅವುಗಳ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ.”

ಹೊಸ ಮಾತ್ರೆ ನವೆಂಬರ್ ಹನ್ನೊಂದಕ್ಕೆ ಆಸ್ಪತ್ರೆ ಮುಟ್ಟಿತು. ಮಳೆ ಹದಿನಾಲ್ಕಕ್ಕೆ ಬಂತು.

ಡಿಸೆಂಬರಿನಲ್ಲಿ ಚಂದ್ರಿಕಾ ಕ್ಷಯದ ಔಷಧಿ ನಾಟದಿರುವ ಬಗ್ಗೆ ಹೊಸ ಅರ್ಜಿ ಹಾಕಿದಳು. ಯಾರೂ ಕೇಳುವ ಮೊದಲೇ ಹನ್ನೆರಡು ಕುರಿ, ಹನ್ನೆರಡು ಜೊತೆಕುರಿ ಎಂದು ತುಂಬಿದಳು. “ನೀನು ಈಗ ಪಳಗಿದೆ,” ಎಂದು ಗ್ಲೆನಿಸ್ ಅವಳನ್ನು ತಬ್ಬಿಕೊಂಡು, ಸಂಖ್ಯೆಯನ್ನು ಅಲ್ಲೇ ಕೊಟ್ಟಳು. ಅವತ್ತೇ ಗ್ರೇಸಳ ಕಾಗದವೂ ಬಂದಿತ್ತು. ಮಂಡಳಿಯವರು ಆಸ್ಪತ್ರೆಗೆ ಹೊಸ ದಾಖಲೆ ಪುಸ್ತಕ ಕಳಿಸಿದ್ದಾರಂತೆ. ಅದರಲ್ಲಿ ಕುರಿಯೋ ಅಲ್ಲವೋ ಎಂದು ಒಂದು ಅಂಕಣ ಇದೆಯಂತೆ. ಪ್ರತಿ ತಾಯಿಯನ್ನೂ ಕೇಳಿಯೇ ಬರೆಯಬೇಕು. ತಾಯಂದಿರು ಅಲ್ಲ ಎಂದು ಹೇಳಿ ಸಾಲಿನಲ್ಲಿ ಮುಂದೆ ಹೋಗುತ್ತಾರೆ. ಒಬ್ಬ ಅಜ್ಜಿ ಮಾತ್ರ ಮೊಮ್ಮಗನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಆಮೇಲೆ ಉತ್ತರ ಕೊಟ್ಟಳಂತೆ.

ಕಾಗದದ ಜೊತೆ ಆ ಪುಸ್ತಕದ ಒಂದು ಪುಟದ ಜೆರಾಕ್ಸ್ ಇತ್ತು. ಚಂದ್ರಿಕಾ ಬೆರಳಿಟ್ಟುಕೊಂಡು ಸಾಲು ಸಾಲಾಗಿ ಕೆಳಗಿಳಿದು ಒಂದು ಕಡೆ ನಿಂತಳು. ಸಂಖ್ಯೆ ಎಂಬತ್ತೇಳು. ವಯಸ್ಸು ಎರಡು ವರ್ಷ ಹತ್ತು ತಿಂಗಳು. ಹೊಸ ಮಾತ್ರೆ ಕೊಟ್ಟು ಹದಿನಾಲ್ಕನೇ ದಿನ. ಕುರಿಯಲ್ಲ. ಜ್ವರವಿಲ್ಲ. ಕಚ್ಚುತ್ತಾಳೆ.