ಒಂಬತ್ತು ತಲೆಗೆ ಒಂದೇ ಹೆಲ್ಮೆಟ್

ನಮ್ಮ ಕಚೇರಿಯಲ್ಲಿ ನಗುವಂಥದ್ದು ವಾರಕ್ಕೊಂದಾದರೂ ನಡೆಯುತ್ತಿತ್ತು. ನಗುವುದಕ್ಕೆ ಮಾತ್ರ ಸಾಹೇಬರು ಊಟಕ್ಕೆ ಹೋಗುವ ತನಕ ಕಾಯಬೇಕಾಗುತ್ತಿತ್ತು. ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ನಾನು ಕಾರಕೂನ. ಯಾವ ಖಾತೆ ಅಂತ ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ. ಅಂಗಡಿಕಾರರ ತಕ್ಕಡಿ ಸರಿ ಇದೆಯೋ ಇಲ್ಲವೋ, ಎಣ್ಣೆಯ ಮಾಪು ತಳದಲ್ಲಿ ನೆಗ್ಗಿದೆಯೋ ಅಂತ ನೋಡಿ ಶಿಕ್ಕಾ ಹೊಡೆಯುವುದು ನಮ್ಮ ಕೆಲಸ ಅಂದರೆ ಸಾಕು. ಊರವರ ಅಳತೆಯ ತಪ್ಪನ್ನೆಲ್ಲ ಹಿಡಿಯುತ್ತಿದ್ದ ನಾವು ಒಂದು ಹೆಲ್ಮೆಟ್ ಕೊಳ್ಳಲು ಹೋಗಿ ಪಟ್ಟ ಪಾಡು ಇವತ್ತಿಗೂ ನೆನಪಾಗುತ್ತದೆ.

ಆಗ ನನ್ನ ಮದುವೆಯಾಗಿ ಐದು ತಿಂಗಳು. ಹೆಂಡತಿ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಟೀಚರು. ಸೊಲ್ಲಾಪುರಕ್ಕೆ ವರ್ಗ ಆಗುವ ತನಕ ತವರುಮನೆಯಲ್ಲೇ ಇದ್ದಳು. ರವಿವಾರ ಬಸ್ಸು ಹತ್ತಿ ಹೋಗಬಾರದಿತ್ತೇ ಅಂತ ನೀವು ಕೇಳಬಹುದು. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಕರೆಯದೆ ಅಳಿಯ ಬಂದು ಕುಂತರೆ ಇಡೀ ಓಣಿ ನಗುತ್ತಿದ್ದ ಕಾಲ ಅದು. ಹೋಗಲು ಒಂದು ಕಾರಣ ಬೇಕು. ಆ ಕಾರಣಕ್ಕೆ ಸರಕಾರಿ ಶಿಕ್ಕಾ ಇದ್ದರೆ ಇನ್ನೂ ಚಲೋ. ಅಂಥ ಹೊತ್ತಿನಲ್ಲಿ ನಮ್ಮ ಕಚೇರಿಗೆ ಒಂದು ಮೋಟರ್‌ಸೈಕಲ್ ಬಂತು, ಪ್ರತಿ ಗುರುವಾರ ಒಬ್ಬರು ಅಕ್ಕಲಕೋಟೆಗೆ ತಪಾಸಣೆಗೆ ಹೋಗಬೇಕು ಅಂತ ಹುಕುಂ ಬಂತು. ನನಗೆ ಗಾಡಿ ಓಡಿಸಲು ಬರುತ್ತಿತ್ತು. ಆ ಗುರುವಾರ ನನಗೇ ಸಿಗಲಿ ಅಂತ ನಾನು ಬೇಡಿಕೊಳ್ಳದ ದೇವರಿಲ್ಲ.

೧. ತಲೆಗಳ ಸರಾಸರಿ

ಗಾಡಿಯ ಹಿಂದೆಯೇ ಮೇಲಿನ ಕಚೇರಿಯಿಂದ ಕಾಗದವೂ ಬಂತು: ಗಾಡಿಯ ಮೇಲೆ ಹೋಗುವವರು ಹೆಲ್ಮೆಟ್ ಹಾಕತಕ್ಕದ್ದು, ಕಚೇರಿಗೆ ಒಂದು ಹೆಲ್ಮೆಟ್ ಮಂಜೂರು. ಯಾರು ಹೋಗುತ್ತಾರೆ ಅಂತ ಇನ್ನೂ ನಿಕ್ಕಿಯಾಗಿರಲಿಲ್ಲ. ಹಾಗಾಗಿ ಹೆಲ್ಮೆಟ್ ಎಲ್ಲರಿಗೂ ಬರುವಂತಿರಬೇಕು ಅಂತ ಸಾಹೇಬರು ಅಪ್ಪಣೆ ಮಾಡಿದರು. ಸಾಹೇಬರು ಪುಣೆಯವರು, ಬಹಳ ಶಿಸ್ತು.

ಕಚೇರಿಯಲ್ಲಿ ಉಕ್ಕಿನ ಪಟ್ಟಿಗಳು ಬೇಕಾದಷ್ಟಿದ್ದವು, ಆದರೆ ಉಕ್ಕು ತಲೆಯ ಸುತ್ತ ಬಾಗುತ್ತದೆಯೇ? ಕಡೆಗೆ ಫೈಲು ಕಟ್ಟುವ ಕೆಂಪು ಲಾಡಿ ತಂದು ಒಂಬತ್ತು ಜನರ ತಲೆ ಸುತ್ತಿದೆವು. ಒಬ್ಬ ಹಿರಿಯರು ಗಾಂಧಿ ಟೋಪಿ ತೆಗೆಯಲು ಒಪ್ಪಲಿಲ್ಲ. "ಮೂವತ್ತ ವರ್ಷ ಆತು ಹಾಕ್ಕೊಂಡು. ಈಗ ಇದೂ ತಲಿನs ಐತಿ, ಕೂಡ್ಸಿ ಅಳೀರಿ," ಅಂದರು. ಟೈಪಿಸ್ಟ್ ಕಿವಿ ಮುಚ್ಚುವಷ್ಟು ಕೂದಲು ಬಿಟ್ಟಿದ್ದ. ಅದನ್ನು ಒತ್ತಿ ಅಳೆಯಬೇಕೋ ಉಬ್ಬಿಸಿ ಅಳೆಯಬೇಕೋ ಅಂತ ಅರ್ಧ ತಾಸು ಚರ್ಚೆ. ಎಲ್ಲರಿಗಿಂತ ದೊಡ್ಡ ತಲೆ ಸಾಹೇಬರದು. ಆ ಅಂಕಿಯನ್ನು ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಆಗದೆ ಚೀಟಿಯಲ್ಲಿ ಬರೆದು ಕೊಟ್ಟೆವು. ಎಲ್ಲರಿಗಿಂತ ಸಣ್ಣದು ನನ್ನದು. ಅದನ್ನು ಮಾತ್ರ ಮೂರು ಸಲ ಗಟ್ಟಿಯಾಗಿ ಓದಿದರು.

ಒಂಬತ್ತನ್ನೂ ಕೂಡಿಸಿ ಒಂಬತ್ತರಿಂದ ಭಾಗಿಸಿದೆವು. ಇಪ್ಪತ್ತೆರಡೂಕಾಲು ಇಂಚು ಬಂತು. ಸಾಹೇಬರು ಸಹಿ ಹಾಕಿದರು. ಕಾಗದದ ಮೇಲೆ ವಿಷಯ ಅಂತ ಹೀಗಿತ್ತು: "ಕಚೇರಿಯ ತಲೆ, ಒಂದು."

೨. ಅಂಗಡಿಯವನ ಪಾಠ

ಹೆಲ್ಮೆಟ್ ತರಲು ನಾನು ಮತ್ತು ನಮ್ಮ ಹೆಡ್‌ಕ್ಲಾರ್ಕ್ ನವೀ ಪೇಠೆಗೆ ಹೋದೆವು. ಹೆಡ್‌ಕ್ಲಾರ್ಕರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಐವತ್ತು ದಾಟಿದ ವಿಧುರರು, ಮಾತು ಕಡಿಮೆ. ಮನೆಯಿಂದ ಕಚೇರಿಗೆ ಛತ್ರಿ ಹಿಡಿದು ನಡೆದೇ ಬರುವವರು. ಸೈಕಲ್ಲಿನ ಮೇಲೆ ಸಹ ಯಾವತ್ತೂ ಕುಂತವರಲ್ಲ.

ಅಂಗಡಿಯವನಿಗೆ ಚೀಟಿ ಕೊಟ್ಟೆವು. ಆತ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮರಾಠಿಯಲ್ಲಿ ನಕ್ಕ. "ಮಾಪ ಕಶಾಲಾ ಆಣಲಂ? ಡೋಕಂ ಆಣಾಯಚಂ!" ಅಳತೆ ಯಾಕೆ ತಂದ್ರಿ, ತಲೆ ತರಬೇಕಿತ್ತು ಅಂತ ಅವನ ಮಾತು. ಆಮೇಲೆ ನಮಗೆ ಪಾಠವನ್ನೇ ಮಾಡಿದ. ಹೆಲ್ಮೆಟ್ ಹಾಕಿದ ಮೇಲೆ ಹಣೆಗೂ ಅದಕ್ಕೂ ನಡುವೆ ಬೆರಳು ತೂರಬಾರದು. ಹೆಲ್ಮೆಟ್ ಹಿಡಿದು ಅಲ್ಲಾಡಿಸಿದರೆ ಹಣೆಯ ಚರ್ಮವೂ ಅದರ ಜೊತೆಗೇ ಸರಿಯಬೇಕು. ಗದ್ದದ ಪಟ್ಟಿ ಕಟ್ಟಿ ಹಿಂದಿನಿಂದ ಎತ್ತಿದರೆ ಕಳಚಬಾರದು. ಅರ್ಧ ತಾಸು ಹಾಕಿಕೊಂಡು ಕುಂತರೂ ತಲೆ ನೋಯಬಾರದು.

ಹೇಳುತ್ತ ಹೇಳುತ್ತ ತೋರಿಸಲಿಕ್ಕೆಂದು ಇಪ್ಪತ್ತೆರಡೂಕಾಲಿನ ಹೆಲ್ಮೆಟ್ಟನ್ನು ಕಾಕಾನ ತಲೆಗೆ ಇಟ್ಟ. ಒಳ್ಳೇ ಕುಂಬಳಕಾಯಿ ಬಣ್ಣದ್ದು. ಬೆರಳು ತೂರಲಿಲ್ಲ. ಎತ್ತಿದರೆ ಕಳಚಲಿಲ್ಲ. ಅಲ್ಲಾಡಿಸಿದರೆ ಕಾಕಾ ಪೂರ್ತಿ ಅಲ್ಲಾಡಿದರು. ಕಾಕಾ ಗಾಬರಿಯಾಗಿ, "ನನಗ ಗಾಡಿ ಹೊಡ್ಯಾಕ ಬರೂದಿಲ್ಲೋ ಮಾರಾಯಾ!" ಅಂದರು. ಅಂಗಡಿಯವ ಅವರ ಬೆನ್ನು ತಟ್ಟಿ ಕನ್ನಡದಲ್ಲೇ ಹೇಳಿದ: "ಕಾಕಾ, ಕಠಿಣ ಕೆಲಸ ಆಗಿಹೋತು. ತಲಿ ಹೊಂದೇತಿ. ಇನ್ನ ಗಾಡಿ ಕಲಿಯೂದಷ್ಟ ಉಳೀತು."

೩. ನನ್ನ ತಲೆಗೆ ಉಪಚಾರ

ಸರಾಸರಿಯ ಗುಣವೇ ಅದು ನೋಡಿ. ಒಂಬತ್ತು ತಲೆಯಲ್ಲಿ ಎಂಟಕ್ಕೆ ಆ ಹೆಲ್ಮೆಟ್ ಹೊಂದಲಿಲ್ಲ. ಸಾಹೇಬರ ತಲೆಯ ಮೇಲೆ ಅದು ಬಟ್ಟಲಿನ ಹಾಗೆ ಕುಂತಿತು, ನನ್ನ ತಲೆಯಲ್ಲಿ ಮೂಗಿನ ತನಕ ಇಳಿಯಿತು. ಬದಲಾಯಿಸಿ ತರೋಣವೆಂದರೆ, ಬಂದ ದಿನವೇ ಜವಾನ ಕುರ್ಚಿ ಮೇಜುಗಳಿಗೆ ಬರೆದ ಹಾಗೆ ಅದರ ಹಣೆಗೂ ಬಿಳಿ ಬಣ್ಣದಲ್ಲಿ ನಂಬರು ಬರೆದುಬಿಟ್ಟಿದ್ದ. ನಂಬರು ಬಿದ್ದ ಮೇಲೆ ಅದು ಸರಕಾರದ ಸ್ವತ್ತು. ಅಂಗಡಿಯವ ಮುಟ್ಟಲಿಲ್ಲ.

ಹೆಲ್ಮೆಟ್ ಸರಿಯಾಗಿ ಕೂತವರಿಗೇ ಅಕ್ಕಲಕೋಟೆ ಅಂತ ಸಾಹೇಬರು ಸಾರಿದರು. ಪರೀಕ್ಷೆಗೆ ನನಗೆ ಹದಿನೈದು ದಿನ ಸಿಕ್ಕಿತು. ಹೆಂಡತಿಗೆ ಇನ್‌ಲ್ಯಾಂಡ್ ಬರೆದೆ. ಕೂದಲು ಬಿಡಿ ಅಂತ ಉತ್ತರ ಬಂತು. ಹಿಂದೆಯೇ ಅವಳು ಹೆಣೆದ ಒಂದು ಉಣ್ಣೆ ಟೋಪಿಯೂ ಬಂತು. ಸೊಲ್ಲಾಪುರದ ಬೇಸಿಗೆಯಲ್ಲಿ ಉಣ್ಣೆ ಟೋಪಿ, ಅದರ ಮೇಲೆ ನಮ್ಮವ್ವ ಮಡಚಿ ಕೊಟ್ಟ ಟರ್ಕಿ ಟಾವೆಲ್, ಅದರ ಮೇಲೆ ಹೆಲ್ಮೆಟ್. ಬೆವರು ಕಣ್ಣಿಗೆ ಇಳಿಯುತ್ತಿದ್ದರೂ ಎದೆ ಸೆಟೆಸಿ ಸಾಹೇಬರ ಮುಂದೆ ನಿಂತೆ. ನನಗಿದ್ದದ್ದು ಅದೊಂದೇ ದಾರಿ.

ಸಾಹೇಬರು ಬೆರಳು ತೂರಿಸಿ ನೋಡಿದರು, ತೂರಲಿಲ್ಲ. "ಈಗ ಬಾಗಿಲ ಕಡೆ ತಿರುಗು," ಅಂದರು. ನಾನು ಬಾಗಿಲ ಕಡೆ ತಿರುಗಿದೆ. ಹೆಲ್ಮೆಟ್ ಮಾತ್ರ ಸಾಹೇಬರನ್ನೇ ನೋಡುತ್ತ ನಿಂತಿತು. ಕಚೇರಿಯವರೆಲ್ಲ ಫೈಲಿನಲ್ಲಿ ಮುಖ ಮುಚ್ಚಿಕೊಂಡರು. ಕಾಕಾ ಒಬ್ಬರೇ ಮೆಲ್ಲಗೆ ಅಂದರು: "ನಿಷ್ಠಾ ನೋಡ್ರಿ ಸಾಹೇಬ್ರ, ನಿಮ್ಮ ಮ್ಯಾಲಿನ ನದರ ಕೀಳವಲ್ದು."

೪. ಸರಕಾರಿ ತಲೆ, ಖಾಸಗಿ ತಲೆ

ಆ ಸಂಜೆ ನನಗೆ ಅಳುವಂತಾಗಿತ್ತು. ಮರುದಿನ ಆದೇಶ ಹೊರಟಿತು. ಹೆಲ್ಮೆಟ್ ಹೆಡ್‌ಕ್ಲಾರ್ಕರ ತಲೆಗೆ ಸರಿಹೊಂದಿರುವ ಕಾರಣ ಪ್ರತಿ ಗುರುವಾರ ಅವರೇ ಅಕ್ಕಲಕೋಟೆಗೆ ಹೋಗತಕ್ಕದ್ದು. ಅವರಿಗೆ ಗಾಡಿ ಓಡಿಸಲು ಬಾರದ ಕಾರಣ ಓಡಿಸಲು ಒಬ್ಬ ಕಾರಕೂನನನ್ನು ಜೊತೆಗೆ ಒಯ್ಯತಕ್ಕದ್ದು. ಓಡಿಸಲು ಬರುತ್ತಿದ್ದವನು ನಾನೊಬ್ಬನೇ. ಆ ಕಾಗದವನ್ನು ನಾನು ಕಣ್ಣಿಗೆ ಒತ್ತಿಕೊಂಡೆ.

ಹೀಗೆ ಮೊದಲ ಗುರುವಾರ ಹೊರಟೆವು. ಮುಂದೆ ನಾನು, ಬರೀ ತಲೆಯಲ್ಲಿ. ಹಿಂದೆ ಕಾಕಾ, ಕುಂಬಳಕಾಯಿ ಬಣ್ಣದ ಹೆಲ್ಮೆಟ್ ಬಿಗಿದು, ನನ್ನ ಸೊಂಟ ಅಪ್ಪಿ, ಕಣ್ಣು ಮುಚ್ಚಿ ದೇವರ ನಾಮ ಹೇಳುತ್ತ. ತಗ್ಗು ಬಂದಾಗಲೆಲ್ಲ ನಾಮ ಜೋರಾಗುತ್ತಿತ್ತು. ವಳಸಂಗದಲ್ಲಿ ಚಹಾಕ್ಕೆ ನಿಂತೆವು. ಗದ್ದದ ಪಟ್ಟಿ ಬಿಚ್ಚಿದರೆ ಮತ್ತೆ ಕಟ್ಟಲು ಬರುವುದಿಲ್ಲ ಅಂತ ಕಾಕಾ ಹೆಲ್ಮೆಟ್ಟಿನಲ್ಲೇ ಕುಂತು ಬಸಿಯಲ್ಲಿ ಚಹಾ ಕುಡಿದರು. ಚಹಾದಂಗಡಿಯವ ನನ್ನನ್ನು ಬದಿಗೆ ಕರೆದು ಪಿಸುಗುಟ್ಟಿದ.

"ಹಿರ್‍ಯಾರ ತಲಿಗಿ ಆಪರೇಶನ್ ಆಗೇತೇನ್ರಿ?"

"ಇಲ್ಲೋ ಮಾರಾಯಾ. ಬೀಳಬಾರದಂತ ಸರಕಾರ ಕೊಟ್ಟೇತಿ."

"ಮತ್ತ ಗಾಡಿ ಹೊಡ್ಯಾವ್ರು ನೀವು. ನಿಮ್ಮ ತಲಿ?"

ನಾನು ಉತ್ತರಿಸುವ ಮೊದಲೇ ಕಾಕಾ ಬಸಿ ಕೆಳಗಿಟ್ಟು ಹೇಳಿದರು: "ಅದು ಖಾಸಗಿ."

೫. ಬಾವಿಯ ನೀರು

ಅಕ್ಕಲಕೋಟೆಯಲ್ಲಿ ಮುಂಜಾನೆ ಅಂಗಡಿಗಳ ತಪಾಸಣೆ, ಆಮೇಲೆ ಕಾಕಾಗೆ ಸ್ವಾಮಿಗಳ ಮಠದ ದರ್ಶನ, ಮಧ್ಯಾಹ್ನ ನಮ್ಮ ಮಾವನ ಮನೆಯಲ್ಲಿ ಊಟ. ಹೆಂಡತಿಯದು ಮುಂಜಾನೆ ಶಾಲೆ, ಅಷ್ಟೊತ್ತಿಗೆ ಮನೆಗೆ ಬಂದಿರುತ್ತಿದ್ದಳು. ಆದರೆ ಮನೆ ತುಂಬ ಜನ. ಮಾವ, ಅತ್ತೆ, ಅವರ ಇಬ್ಬರು ನೆಗೆಣ್ಣಿಯರು, ಹಾಸಿಗೆಯಲ್ಲೇ ಕುಂತು ಎಲ್ಲವನ್ನೂ ನೋಡುವ ಅಜ್ಜಿ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇರಲಿಲ್ಲ. ಅವಳು ಬಂದು ತಾಟು ಇಡುವಳು, ತಲೆ ತಗ್ಗಿಸಿ ಒಳಗೆ ಹೋಗುವಳು. ಮಾವ ಕಾಕಾನ ಜೊತೆ ಜೋಳದ ಬೆಳೆಯ ಮಾತು ಆಡುವರು. ನಾಲ್ಕು ಗುರುವಾರ ಹೋದೆ. ನಾಲ್ಕು ಗುರುವಾರವೂ ಅವಳ ಕೈಬಳೆ ನೋಡಿಕೊಂಡು ಬಂದೆ. ಹೊರಡುವಾಗ ನಾನು ಒಳಬಾಗಿಲ ಕಡೆ ತಿರುಗಿ ನೋಡುವುದನ್ನು ಕಾಕಾ ನೋಡುತ್ತಿದ್ದರು.

ಐದನೆಯ ಗುರುವಾರ ಊಟ ಮುಗಿಯಿತು. ಹೊರಡಲೆಂದು ಕಾಕಾ ಹೆಲ್ಮೆಟ್ ಹಾಕಿಕೊಂಡರು. ಪಡಸಾಲೆಯ ನಡುವೆ ನಿಂತು ಒಮ್ಮೆ ತಲೆ ಅಲ್ಲಾಡಿಸಿ, "ಅಯ್ಯಯ್ಯ, ಬಿಗೀತು! ಕಿವಿ ಮಡಚೇತ್ರಿ! ತಗೀರಿ, ತಗೀರಿ!" ಅಂತ ಕೂಗಿದರು.

ಇಡೀ ಮನೆ ಓಡಿ ಬಂತು. ಮಾವ ಹೆಲ್ಮೆಟ್ ಹಿಡಿದು ಎಳೆದರು. ಕಾಕಾ ಹೆಲ್ಮೆಟ್ಟಿನ ಜೊತೆಗೇ ಬಂದರು. ಅತ್ತೆ ಔಡಲೆಣ್ಣೆ ತಂದು ಕಿವಿಯ ಸಂದಿಗೆ ಸುರುವಿದರು. ಒಬ್ಬ ಚಿಕ್ಕತ್ತೆ ಬೆಣ್ಣೆ ಅಂದರು, ಇನ್ನೊಬ್ಬರು ಕಂಬಾರನನ್ನು ಕರೆಸಿ ಅಂದರು. ಕಂಬಾರ ಅಂದಕೂಡಲೇ ಕಾಕಾ ಕೈ ಎತ್ತಿದರು.

"ಹಂಗೆಲ್ಲ ಬರೂದಿಲ್ರಿ ವೈನಿ. ಅಂಗಡ್ಯಾವ ಹೇಳಿ ಕೊಟ್ಟಾನ. ಬಿಸಿಲಿಗಿ ಇದು ಬಿಗೀತೈತಿ, ತಣ್ಣೀರ ಹಾಕಬೇಕು. ಅದೂ ಆಗಷ್ಟ ಸೇದಿದ ಬಾವಿ ನೀರು. ಕೊಡದಾಗ ಇಟ್ಟದ್ದು ನಡ್ಯಾಂಗಿಲ್ಲ."

ಅಂಗಡಿಗೆ ನಾನೂ ಹೋಗಿದ್ದೆ. ಅಂಗಡಿಯವ ಅಂಥದ್ದೇನೂ ಹೇಳಿರಲಿಲ್ಲ.

"ತಮ್ಮಾ, ನೀ ಸೇದು ಹೋಗು," ಅಂದರು ನನಗೆ. ಆಮೇಲೆ ಅತ್ತೆಯ ಕಡೆ ತಿರುಗಿ, "ಹಗ್ಗ ಎಲ್ಲೈತಿ, ಕೊಡ ಎಲ್ಲೈತಿ, ಇವಗೇನ ಗೊತ್ತಿರ್ತೈತ್ರಿ? ಮಗಳನ್ನ ಕಳಸ್ರಿ. ಉಳದಾವ್ರು ನನ್ನ ಹಿಡ್ಕೋರಿ, ಚಕ್ಕರ ಬರಾಕತ್ತೈತಿ," ಅಂದರು.

ಬಾವಿ ಹಿತ್ತಲಿನ ಆ ತುದಿಗೆ, ಪೇರಲ ಗಿಡದ ಹಿಂದೆ. ಮದುವೆಯಾದ ಮೇಲೆ ಹಗಲು ಬೆಳಕಿನಲ್ಲಿ ನಾವಿಬ್ಬರೇ ಎದುರುಬದುರು ನಿಂತದ್ದು ಅದೇ ಮೊದಲು. ಅವಳೇ ಹಗ್ಗ ಕೈಗೆ ಕೊಟ್ಟು ನಕ್ಕಳು. "ತಲಿ ಇಷ್ಟ ಸಣ್ಣದಂತ ಮದವಿಗಿ ಮೊದ್ಲ ಯಾಕ ಹೇಳಲಿಲ್ರಿ?" ಅಂದಳು. ಆಮೇಲೆ ಮಾತು ನಿಲ್ಲಲೇ ಇಲ್ಲ. ಶಾಲೆಯ ಮಕ್ಕಳ ಸುದ್ದಿ, ನಮ್ಮವ್ವನ ಮೊಣಕಾಲಿನ ಸುದ್ದಿ, ವರ್ಗದ ಅರ್ಜಿ ಯಾರ ಟೇಬಲ್ಲಿನ ಮೇಲೆ ಕುಂತಿದೆ ಅನ್ನುವ ಸುದ್ದಿ. ಒಂದು ಕೊಡ ಸೇದಲು ಕಾಲು ತಾಸು ಹಿಡಿಯಿತು.

ನೀರು ಒಯ್ದಾಗ ಕಾಕಾ ಅಂಗಳದಲ್ಲಿ ಮಣೆಯ ಮೇಲೆ ಪದ್ಮಾಸನ ಹಾಕಿ ಕುಂತಿದ್ದರು. ಮಾವ ಭಕ್ತಿಯಿಂದ ತಂಬಿಗೆ ತಂಬಿಗೆ ನೀರನ್ನು ಹೆಲ್ಮೆಟ್ಟಿನ ಮೇಲೆ ಸುರುವಿದರು. ಸ್ವಾಮಿಗಳ ವಾರವಾದ ಗುರುವಾರ ಬೇರೆ, ಕಿಟಕಿಯಿಂದ ನೋಡುತ್ತಿದ್ದ ಅಜ್ಜಿ ಎರಡೂ ಕೈ ಮುಗಿದರು. ಕಾಕಾ ಕಣ್ಣು ತೆರೆದು ನನ್ನ ಮುಖವನ್ನೊಮ್ಮೆ, ನನ್ನ ಹಿಂದೆ ನಿಂತವಳ ಮುಖವನ್ನೊಮ್ಮೆ ನೋಡಿ, "ಸ್ವಲ್ಪ ಸಡಲಾಗೇತಿ. ಇನ್ನೊಂದ ಕೊಡ ಬೇಕು," ಅಂದರು. ಮೂರನೆಯ ಕೊಡಕ್ಕೆ ತಾವೇ ಒಂದೇ ಕೈಯಿಂದ ಹೆಲ್ಮೆಟ್ ಎತ್ತಿ ಪಕ್ಕಕ್ಕಿಟ್ಟರು. ತಮ್ಮ ಔಡಲೆಣ್ಣೆಯ ಗುಣ ಅಂತ ನಮ್ಮತ್ತೆ ಕಡೆಯ ತನಕ ನಂಬಿದ್ದರು.

ವಾಪಸು ಬರುವಾಗ ಕಾಕಾ ನಾಮ ಹೇಳಲಿಲ್ಲ. ಒದ್ದೆ ಅಂಗಿಯಲ್ಲಿ ನನ್ನ ಬೆನ್ನಿಗೆ ಆತು ಕುಂತು ಮೆಲ್ಲಗೆ ಅಂದರು: "ನನ್ನ ಮದವ್ಯಾದಾಗ ನಮ್ಮ ಮನ್ಯಾಗ ಹದಿನೆಂಟ ಮಂದಿ ಇದ್ರು. ಆಕಿ ಜೋಡಿ ಮನಸಬಿಚ್ಚಿ ಮಾತಾಡೂದ್ರಾಗ ನಾಕ ವರ್ಷ ಹೋದ್ವು. ಆಮ್ಯಾಲ ಆಕಿನೂ ಭಾಳ ದಿನ ಉಳೀಲಿಲ್ಲ." ಕಾಕಾ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾವಿಬ್ಬರೂ ಅವರನ್ನು ನೆನೆಯದ ಗುರುವಾರವಿಲ್ಲ.

ಆರನೆಯ ಗುರುವಾರ ಊಟವಾದ ಮೇಲೆ ಕಾಕಾ ಹೆಲ್ಮೆಟ್ ಹಾಕಿದರು, ಮತ್ತೆ ಬಿಗಿಯಿತು. ಅತ್ತೆ ಈ ಸಲ ಗಾಬರಿಯಾಗಲಿಲ್ಲ. ಹೆಮ್ಮೆಯಿಂದ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಯಾರೂ ಬಾವಿಗಿ ಹೋಗೂದು ಬ್ಯಾಡ್ರಿ. ಈಗಷ್ಟ ಐದ ಕೊಡ ಸೇದಿ ಇಟ್ಟೀನಿ," ಅಂದರು.

ಒಳಗೆ ಬಳೆಯ ಸದ್ದು ನಿಂತಿತು. ಕಾಕಾ ಸಾಲಾಗಿ ಇಟ್ಟಿದ್ದ ಐದೂ ಕೊಡಗಳನ್ನು ನೋಡಿದರು, ನನ್ನನ್ನು ನೋಡಿದರು, ಹೆಲ್ಮೆಟ್ಟನ್ನು ಎರಡೂ ಕೈಯಿಂದ ಇನ್ನಷ್ಟು ಕೆಳಗೆ ಒತ್ತಿಕೊಂಡು ಹೇಳಿದರು:

"ತಣ್ಣೀರಿಗಿ ಇದು ಒಗ್ಗಿಬಿಟ್ಟೈತ್ರಿ ವೈನಿ. ಇವತ್ತ ಬಿಸಿನೀರs ಬೇಕು. ಕಟ್ಟಿಗಿ ಹಿತ್ತಲದಾಗ ಅದಾವಲ್ಲ?"