ಹದಿನಾಲ್ಕು ಕಂತಿನ ಮೇಣದಬತ್ತಿ

ಮೂವತ್ತೊಂದು ವರ್ಷ ತಿಕೋಟಾ, ಬಬಲೇಶ್ವರ ಭಾಗದ ಹೊಲಗಳನ್ನು ಅಳೆದು ನಿವೃತ್ತನಾದ ಭೂಮಾಪಕ ನಾನು. ನಾನು ನಿಲ್ಲಿಸಿದ ಬಾಂದುಕಲ್ಲನ್ನು ಕೋರ್ಟು ಹತ್ತಿದ ಅಣ್ಣತಮ್ಮಂದಿರಿಗೂ ಅಲುಗಿಸಲು ಆಗಿಲ್ಲ. ಅಂಥ ನನ್ನ ಕೈಗೆ ಜಲನಗರದ ನಮ್ಮ ಸ್ವಂತ ಮನೆಯಲ್ಲಿ ಈಗ ಯಾರೂ ಒಂದು ಮೇಣದಬತ್ತಿಯನ್ನು ಕೊಡುವುದಿಲ್ಲ. ಈ ಅನ್ಯಾಯ ಹೇಗಾಯಿತೆಂದು ಹೇಳುತ್ತೇನೆ. ಕೇಳಿದ ಮೇಲೆ ನೀವೂ ಕೊಡಲಿಕ್ಕಿಲ್ಲ.

ನನ್ನ ಹೆಂಡತಿ ಸುಮಂಗಲಾ ಬಬಲೇಶ್ವರದ ಒಂದು ತರಬೇತಿಗೆ ಹೋಗಿ ಸೋಯಾ ಮೇಣದಬತ್ತಿ ಮಾಡಲು ಕಲಿತು ಬಂದಳು. ಸೋಯಾ ಎಣ್ಣೆಯಿಂದ ಮಾಡಿದ ಮೇಣವನ್ನು ಕರಗಿಸಿ ಗಾಜಿನ ಲೋಟಕ್ಕೆ ಹೊಯ್ಯುತ್ತಾರೆ. ನಡುವೆ ನೂಲಿನ ಬದಲು ಕಟ್ಟಿಗೆಯ ತೆಳ್ಳನೆಯ ಪಟ್ಟಿಯೇ ಬತ್ತಿ. ಉರಿಯುವಾಗ ಒಲೆಯ ಹಾಗೆ ಸಣ್ಣಗೆ ಚಟಚಟ ಎನ್ನುತ್ತದೆ. ಆ ಪಟ್ಟಿಗಳನ್ನು ಕೊಯ್ದುಕೊಡುವವನು ಇಬ್ರಾಹಿಂಪುರದ ಬಡಗಿ ಕುತುಬುದ್ದೀನ. ತಿಕೋಟಾದ ಹಸೀನಾ ಟೀಚರು ಮಗಳು ನಸ್ರೀನಳ ನಿಶ್ಚಿತಾರ್ಥಕ್ಕೆ ಬಂದವರಿಗೆ ಕೊಡಲು ನಲವತ್ತು ಮೇಣದಬತ್ತಿ ಹೇಳಿದ್ದರು. ಸುಮಂಗಲಾಳ ಬಾಳಿನ ಮೊದಲ ಆರ್ಡರು. ಭಾನುವಾರ ಮುಟ್ಟಿಸಬೇಕು.

ಅವಳು ನಲವತ್ತೆರಡು ಮಾಡಿ, ಒಂದನ್ನು ನನ್ನ ಮುಂದಿಟ್ಟಳು.

"ಮೂರು ತಾಸು ಉರಿಸ್ರಿ. ಹೆಂಗ ಉರಿತೈತಿ ಬರದಿಡ್ರಿ. ನಿಮ್ಮಷ್ಟು ಬರಾಬರಿ ಅಳಿಯಾವ್ರು ನನಗ ಯಾರು ಸಿಗತಾರ?"

(ಅವಳು ನನ್ನನ್ನು ಹೊಗಳಿ ಆರು ವರ್ಷವಾಗಿತ್ತು. ಆಗಲೇ ಎಚ್ಚರಾಗಬೇಕಿತ್ತು.)

ಹತ್ತು ದಿನಗಳ ನಂತರ, ಗುರುವಾರ, ವರದಿ ಒಪ್ಪಿಸಿದೆ. ಕಟ್ಟಿಗೆಯ ಬತ್ತಿ ದೋಷಪೂರಿತ. ಮೇಣ ನಡುವಷ್ಟೇ ಕರಗಿ ಬಾವಿ ಬಿದ್ದಿದೆ, ಸುತ್ತಲಿನದು ಗೋಡೆಯಂತೆ ಹಾಗೇ ನಿಂತಿದೆ, ಉರಿ ಬಾವಿಯ ತಳದಲ್ಲಿ ಉಸಿರು ಕಟ್ಟಿ ಸಾಯುತ್ತಿದೆ. ಸುಮಂಗಲಾ ನಲವತ್ತು ಲೋಟಗಳನ್ನು ಒಂದೊಂದಾಗಿ ಅಡುಗೆ ಕಟ್ಟೆಗೆ ತಂದಿಟ್ಟಳು. ಎಲ್ಲವನ್ನೂ ಕರಗಿಸಿ ಬೇರೆ ಬತ್ತಿ ಹಾಕಬೇಕು. ಅದು ಭಾನುವಾರಕ್ಕೆ ಆಗದ ಕೆಲಸ. ಹಸೀನಾರಿಗೆ ಫೋನು ಮಾಡಿ ಇಲ್ಲವೆನ್ನುವ ಮೊದಲು ಕುತುಬುದ್ದೀನನನ್ನು ಕರೆಸಿದಳು.

ಅವನು ನಾನು ಉರಿಸಿದ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. "ನನ್ನ ಪಟ್ಟಿ ಬರಾಬರಿ ಐತ್ರಿ ಅಕ್ಕಾರ. ಹಚ್ಚಿದವರನ್ನ ಕೇಳ್ರಿ."

"ಹಚ್ಚಿದವರು ಮೂವತ್ತೊಂದು ವರ್ಷ ಹೊಲಾ ಅಳದಾರ."

"ಹೊಲಾ ಆರೂದಿಲ್ಲಲ್ರಿ."

ಮೂಲೆಯಲ್ಲಿ ಮೆಂತ್ಯ ಸೋಸುತ್ತಿದ್ದ ನನ್ನವ್ವ ಕಾಶಿಬಾಯಿ ತಲೆ ಎತ್ತಿದಳು. "ಲೇ ಬಸಗೊಂಡಾ, ಎಷ್ಟ ಸಲ ಹಚ್ಚಿದಿ?"

ಪುಸ್ತಕ ತೆಗೆದು ಓದಿದೆ. ಸಂಜೆ ಆರು ನಲವತ್ತರಿಂದ ಆರು ಐವತ್ತೆರಡು. ಮರುದಿನ ಏಳು ಐದರಿಂದ ಏಳು ಇಪ್ಪತ್ತು. ಹೀಗೆ ಹದಿನಾಲ್ಕು ಸಲ, ಒಟ್ಟು ಮೂರು ತಾಸು ಎರಡು ನಿಮಿಷ.

"ಕರೆಂಟ್ ಹೋದಾಗ ಹಚ್ಚೀನಿ, ಬಂದ ಕೂಡಲೇ ಆರಿಸೀನಿ. ಒಂದು ನಿಮಿಷ ದಂಡ ಮಾಡಿಲ್ಲ," ಎಂದೆ.

ಕುತುಬುದ್ದೀನ ಲೋಟವನ್ನು ಮೆಲ್ಲಗೆ ಕೆಳಗಿಟ್ಟ.

"ರೀ," ಎಂದಳು ಸುಮಂಗಲಾ, "ಮೊದಲನೇ ಸಲ ಹಚ್ಚಿದಾಗ ಮೇಣ ಲೋಟದ ಅಂಚಿನ ತನಕ ಕರಗಬೇಕು. ಆವತ್ತು ಎಲ್ಲೀತನಕ ಕರಗತೈತೋ ಅಷ್ಟ ಅದಕ್ಕ ನೆನಪು. ಮುಂದ ಎಷ್ಟ ಸಲ ಹಚ್ಚಿದ್ರೂ ಅದರಾಚೆ ಹೋಗಂಗಿಲ್ಲ."

"ಒಂದೇ ದಮ್ಮಿಗೆ ಮೂರು ತಾಸು ಅಂತ ನೀ ಹೇಳಲಿಲ್ಲ."

"ಊಟಾ ಮಾಡ್ರಿ ಅಂದ್ರ ಹದಿನಾಲ್ಕು ಕಂತಿನಾಗ ಒಂದೊಂದ ತುತ್ತು ತಿಂತೀರೇನ್ರಿ?"

ಉಳಿದಿದ್ದ ನಲವತ್ತೆರಡನೆಯ ಮೇಣದಬತ್ತಿಯನ್ನು ಎಲ್ಲರೆದುರು ಉರಿಸುವುದೆಂದು ತೀರ್ಮಾನವಾಯಿತು. ನಾಲ್ಕಕ್ಕೆ ಹಚ್ಚಿದರು. ಗಾಳಿ ತಾಗಿದರೆ ಒಂದೇ ಮಗ್ಗುಲು ಕರಗುತ್ತದೆಂದು ಫ್ಯಾನು ಬಂದ್. ಏಪ್ರಿಲ್ ತಿಂಗಳ ವಿಜಯಪುರದಲ್ಲಿ ಫ್ಯಾನಿಲ್ಲದೆ ನಾಲ್ವರು ಒಂದು ಸಣ್ಣ ಉರಿಯ ಸುತ್ತ ಕುಳಿತೆವು. ಬಿಸಿಲೆಂದು ಕಿಟಕಿ ಮುಚ್ಚಿದ್ದರಿಂದ ತಲೆಯ ಮೇಲೆ ಟ್ಯೂಬ್‌ಲೈಟು ಬೇರೆ ಉರಿಯುತ್ತಿತ್ತು.

ಬತ್ತಿ ಚಟಚಟ ಎನ್ನುತ್ತಿತ್ತು. ನನಗೆ ಸಮಾಧಾನವಿರಲಿಲ್ಲ. ಬೇರೆ ಬೆಳಕಿರುವಾಗ ಇನ್ನೊಂದು ಬೆಳಕು ಉರಿಯುವುದನ್ನು ನಾನು ಸುಮ್ಮನೆ ಕೂತು ನೋಡಿದವನೇ ಅಲ್ಲ. ಹತ್ತನೇ ಇಯತ್ತೆಯ ವರ್ಷ ಮನೆಯಲ್ಲಿ ಒಂದೇ ಮೇಣದಬತ್ತಿ ಇತ್ತು. ಕರೆಂಟ್ ಬಂದರೆ ಓದುತ್ತಿದ್ದ ಸಾಲು ಮುಗಿಸುವ ಮೊದಲೇ ಊದುತ್ತಿದ್ದೆ. ಉಳಿದ ತುಂಡು ಪರೀಕ್ಷೆಯ ಹಿಂದಿನ ದಿನಕ್ಕೆ ಬೇಕಿತ್ತು. ಮೇಣಕ್ಕೆ ಮೊದಲ ಉರಿಯ ನೆನಪು ಇರುತ್ತದೆ ಎಂದು ಸುಮಂಗಲಾ ಅಂದಾಗ, ಇದು ನನ್ನನ್ನು ಕುರಿತೇ ಆಡಿದ ಮಾತೇನೋ ಅನ್ನಿಸಿತು. ಕುತುಬುದ್ದೀನ ಮೂರನೆಯ ಚಹಾ ಮುಗಿಸಿದ್ದ. ಮೇಣ ಅಂಚಿನ ಕಡೆಗೆ ಸರಿಯುತ್ತಿತ್ತು. ಸುಮಂಗಲಾ ಅದರಿಂದ ಕಣ್ಣು ಕೀಳಲಿಲ್ಲ. ನನ್ನ ಒಂದು ಪುಟದ ವರದಿಗೆ ಅವಳ ಎಂಟು ದಿನದ ಕೆಲಸ ಕರಗಿಹೋಗಲು ಅಡುಗೆ ಕಟ್ಟೆಗೆ ಬಂದು ನಿಂತಿತ್ತೆಂದು ಆಗ ಹೊಳೆಯಿತು.

ಆರೂಕಾಲಿಗೆ ಕರೆಂಟ್ ಹೋಯಿತು. ಕತ್ತಲಾದ ಕೋಣೆಯಲ್ಲಿ ಆ ಉರಿ ಎಷ್ಟು ಚಂದವಿತ್ತೆಂದರೆ, ಅವ್ವ ಕೂಡ ಕೈಯಲ್ಲಿದ್ದ ಮೆಂತ್ಯ ಬಿಟ್ಟು ಮುಂದೆ ಸರಿದಳು. ಆರು ಮೂವತ್ತೊಂದಕ್ಕೆ ಟ್ಯೂಬ್‌ಲೈಟು ಮಿಟುಕಿತು.

"ಬಂತು," ಎಂದ ಕುತುಬುದ್ದೀನ.

ನಾನು ಊದಿದೆ.

ಹೊಗೆ ನೆಟ್ಟಗೆ ಮೇಲೆದ್ದಿತು. ನಾಲ್ವರೂ ಅದನ್ನೇ ನೋಡುತ್ತ ಕುಳಿತೆವು. ಕೊನೆಗೆ ಕುತುಬುದ್ದೀನ ಬಗ್ಗಿ ಲೋಟವನ್ನು ಸುತ್ತ ತಿರುಗಿಸಿ ನೋಡಿ, "ಅಂಚು ಮುಟ್ಟೈತ್ರಿ ಅಕ್ಕಾರ, ನಾಕೂ ಕಡಿ. ಸಾಹೇಬ್ರು ಊದೂದರೊಳಗ ಅದರ ಕೆಲಸ ಅದು ಮುಗಿಸೇತಿ," ಎಂದ.

ಸುಮಂಗಲಾ ನಲವತ್ತು ಲೋಟಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದಳು. ನನ್ನ ಕಡೆ ನೋಡಲಿಲ್ಲ.

ಮರುದಿನ ನನಗೊಂದು ಕೆಲಸ ಹತ್ತಿತು. ಪ್ರತಿ ಡಬ್ಬಿಗೊಂದು ಚೀಟಿ, ನಕಾಶೆಗೆ ಬರೆಯುವ ದುಂಡನೆಯ ಅಕ್ಷರದಲ್ಲಿ. ಮೊದಲ ಸಲ ಅಂಚು ಕರಗುವವರೆಗೆ ಉರಿಸಿ. ಗಾಳಿಗೆ ಇಡಬೇಡಿ. ಮತ್ತೆ ಹಚ್ಚುವ ಮುನ್ನ ಕರಕಲಾದ ತುದಿಯನ್ನು ಚಿವುಟಿ ತೆಗೆಯಿರಿ. ಒಮ್ಮೆಗೆ ನಾಲ್ಕು ತಾಸಿಗಿಂತ ಹೆಚ್ಚು ಬೇಡ. ಆರಿಸಲು ಮುಚ್ಚಳ ಮುಚ್ಚಿ. ಕೊನೆಯ ಸಾಲನ್ನು ಅವ್ವ ಹೇಳಿ ಬರೆಸಿದಳು: ಕರೆಂಟ್ ಬಂತೆಂದು ಊದಬೇಡಿ.

ಮಧ್ಯಾಹ್ನದ ಹೊತ್ತಿಗೆ ನಲವತ್ತು ಮುಗಿಸಿ ಪೆನ್ನಿನ ಟೋಪಿ ಹಾಕಿದೆ.

"ಇನ್ನೊಂದು ಬರಿ," ಎಂದಳು ಅವ್ವ. "ದೊಡ್ಡ ಅಕ್ಷರದಾಗ. ನಮ್ಮನಿ ಗ್ವಾಡಿಗೆ."