ನಮ್ಮ ಚಿತ್ರಶಾಲೆಯ ಗಂಡಾಂತರಗಳು

ಚಿತ್ರಶಾಲೆ ಎಂದರೆ ಗದ್ದಲವಿಲ್ಲದ ಜಾಗ ಎನ್ನುವವರು ಅದನ್ನು ನಡೆಸಿ ನೋಡಿಲ್ಲ. ಅರವತ್ತರ ದಶಕದ ಆರಂಭದಲ್ಲಿ ನಾನು ದಾಂಡೇಲಿಯ ಒಂದು ಕಲಾ ಸಂಘದ ಕಾರ್ಯದರ್ಶಿಯಾಗಿದ್ದೆ. ಹೊಟ್ಟೆ ತುಂಬಿಸಿಕೊಳ್ಳಲು ಕಾಗದ ಕಾರ್ಖಾನೆಯ ಗುಮಾಸ್ತಗಿರಿ, ಹೊಟ್ಟೆ ಕಿವುಚಿಕೊಳ್ಳಲು ಈ ಸಂಘ. ಇದ್ದದ್ದು ಏಳು ಜನ, ಯಾರಿಗೂ ಸಂಬಳವಿಲ್ಲ. ಊರಿಗೊಂದು ಚಿತ್ರಶಾಲೆ ಬೇಕೆಂದು ಹಠ ಹಿಡಿದು ಸರಕಾರದ ಹಳೇ ಕಟ್ಟಡವೊಂದನ್ನು ಬೇಡಿ ಪಡೆದಿದ್ದೆವು. ಜನ ಬರದಿದ್ದರೆ ಅದನ್ನು ವಾಪಸು ತೆಗೆದುಕೊಂಡು ಅಕ್ಕಿಯ ಗೋದಾಮು ಮಾಡುತ್ತೇವೆ ಎಂದು ಕೊಡುವಾಗಲೇ ಹೆದರಿಸಿದ್ದರು. ಆ ಅಕ್ಕಿ ಚೀಲಗಳು ನನ್ನ ಕಣ್ಣ ಮುಂದಿನಿಂದ ಒಂದು ದಿನವೂ ಸರಿಯಲಿಲ್ಲ.

ಮೊದಲ ದಿನ

ಯಾರೂ ಬರದಿದ್ದರೆ ಏನು ಗತಿ ಎಂದು ಊರೆಲ್ಲ ಡಂಗುರ ಹೊಡೆಸಿದೆವು: "ಚಿತ್ರ ಪ್ರದರ್ಶನ ಐತಿ, ಪುಕ್ಕಟ ಐತಿ, ಎಲ್ಲಾರೂ ಬರ್ರಿ!"

ಐದು ಗಂಟೆಗೆ ಬಾಗಿಲು ತೆಗೆದರೆ ಜನವೋ ಜನ. ಹೆಂಡಿರು, ಮಕ್ಕಳು, ಚಾಪೆ, ಚುರಮುರಿಯ ಪೊಟ್ಟಣ. ನನಗೆ ಕಣ್ಣಲ್ಲಿ ನೀರೇ ಬಂತು. ಬಂದವರೆಲ್ಲ ಚಾಪೆ ಹಾಸಿ, ಚಿತ್ರಗಳಿಗೆ ಬೆನ್ನು ಮಾಡಿ, ಖಾಲಿ ಇದ್ದ ಬಿಳಿ ಗೋಡೆಯನ್ನೇ ನೋಡುತ್ತ ಕೂತರು. ಸಿನೆಮಾ ಅಂದುಕೊಂಡು ಬಂದಿದ್ದಾರೆ ಎಂದು ಆಗ ನನಗೆ ಹೊಳೆಯಿತು.

"ಯಾವಾಗ ಚಾಲೂ ಮಾಡ್ತೀರಿ?" ಎಂದು ಮುಂದಿನ ಸಾಲಿನಲ್ಲಿದ್ದ ಕಾರ್ಮಿಕನೊಬ್ಬ ಕೇಳಿದ.

"ಚಾಲೂ ಆಗೇತ್ರಿ. ಹಿಂದ ಹೊಳ್ಳಿ ನೋಡ್ರಿ, ಗ್ವಾಡಿ ತುಂಬ ಚಿತ್ರನ ಅದಾವ."

ಅವನು ಹೊರಳಿ ಕೂತು ಒಂದೊಂದನ್ನೂ ತಾಳ್ಮೆಯಿಂದ ನೋಡಿದ. ಆಮೇಲೆ ನನ್ನ ಮೇಲೆ ಕನಿಕರ ಬಂದವನ ಹಾಗೆ ಕೇಳಿದ: "ಮಷೀನ್ ಕೆಟ್ಟೇತೇನ್ರಿ? ಒಂದೂ ಅಳ್ಳಾಡವಲ್ವಲ್ಲ?"

ಕುಳಗಿಯ ಸಾಗವಾನಿ

ನಮ್ಮ ಸಂಘದ ದೊಡ್ಡ ಆಸ್ತಿ ಎಂದರೆ ಹಳಿಯಾಳದ ಡ್ರಾಯಿಂಗ್ ಮಾಸ್ತರರು. ಅವರು ಕುಳಗಿಯ ಕಾಡಿನಲ್ಲಿ ಕೂತು ಒಂದು ಚಿತ್ರ ಬರೆದು ತಂದಿದ್ದರು. ಹಿಂದೆ ಕಾಡು, ಮುಂದೆ ಕಡಿದ ಸಾಗವಾನಿಯ ಬೊಡ್ಡೆ. ಒಂದು ಮಧ್ಯಾಹ್ನ ಫಾರೆಸ್ಟ್ ಗಾರ್ಡ್ ಒಬ್ಬ ಬಂದು ಅದರ ಮುಂದೆ ಅರ್ಧ ತಾಸು ನಿಂತ. ಅಂತೂ ಒಬ್ಬ ರಸಿಕ ಸಿಕ್ಕ ಎಂದು ಹಿಗ್ಗಿ ಹತ್ತಿರ ಹೋದೆ.

"ಈ ಬೊಡ್ಡೀಗೆ ಸುತ್ತಿಗಿ ಮುದ್ರಿ ಇಲ್ಲಲ್ರಿ. ಯಾರು ಕಡದಾರ ಇದನ್ನ?" ಎಂದ.

ಅನುಮತಿ ಪಡೆದು ಕಡಿದ ಮರವಾದರೆ ಬೊಡ್ಡೆಯ ಮೇಲೆ ಸುತ್ತಿಗೆಯಿಂದ ಒತ್ತಿದ ಮುದ್ರೆ ಇರುತ್ತದೆ. ಇಲ್ಲದಿದ್ದರೆ ಅದು ಕಳ್ಳಮಾಲು. ಇನ್ನು ಇವನು ಪಂಚನಾಮೆ ಮಾಡಿ ಕಟ್ಟಡಕ್ಕೆ ಬೀಗ ಹಾಕಿಸುತ್ತಾನೆ ಎಂದು ನನಗೆ ಖಾತ್ರಿಯಾಯಿತು. ಮಾಸ್ತರರನ್ನು ಕರೆಸಿ, ಕೈಮುಗಿದು, ಬೊಡ್ಡೆಯ ಮೇಲೆ ಕುಂಚದಿಂದ ಮುದ್ರೆ ಹಾಕಿಸಿದೆ. ಅವರು ಹಲ್ಲು ಕಡಿಯುತ್ತಲೇ ಹಾಕಿದರು.

ಗಾರ್ಡ್ ಮುಂದಿನ ವಾರ ಬಂದ. ಮೂಗು ತಾಗುವಷ್ಟು ಬಗ್ಗಿ ನೋಡಿದ. "ಮುದ್ರಿ ಬರೋಬರಿ ಐತಿ," ಎಂದ. "ಕಡದ ಮಾಲು ಎಲ್ಲೈತಿ?"

ಅಭಿಪ್ರಾಯದ ವಹಿ

ಜನ ಬಂದದ್ದಕ್ಕೆ ಸಾಕ್ಷಿ ಬೇಕಲ್ಲ, ಬಾಗಿಲಲ್ಲಿ ಒಂದು ವಹಿ ಇಟ್ಟೆವು. ಮಳಗಿ ಊರಿನಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಆ ಬೇಸಗೆಯಲ್ಲಿ ದಿನಾಲೂ ಬಂದು ಒಂದೇ ಚಿತ್ರದ ಎದುರು ಕೂತು ಕಣ್ಣು ಮುಚ್ಚುತ್ತಿದ್ದರು. ಕಲೆಯಲ್ಲಿ ಮುಳುಗಿದ್ದಾರೆ ಎಂದು ನಾವು ತುದಿಗಾಲಲ್ಲಿ ಓಡಾಡುತ್ತಿದ್ದೆವು. ಒಂದು ದಿನ ಧೈರ್ಯ ಮಾಡಿ ಅಭಿಪ್ರಾಯ ಕೇಳಿದೆ. ಅವರು ಹೇಳುತ್ತ ಹೋದರು, ನಾನು ಬರೆದುಕೊಳ್ಳುತ್ತ ಹೋದೆ.

"ಭಾಳ ಚಲೋ ಐತಪಾ. ಜೀವಕ್ಕ ತಂಪು ಅನಸ್ತೈತಿ. ಆದ್ರ ಕರ್ರ್ ಕರ್ರ್ ಅಂತೈತಿ, ಒಂದೀಟ ಎಣ್ಣಿ ಬಿಡ್ರಿ."

ಆಗ ತಲೆ ಎತ್ತಿ ಫ್ಯಾನನ್ನು ನೋಡಿದೆ.

ತಪಾಸಣೆ

ಕೊನೆಗೂ ಕಾರವಾರದಿಂದ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಪತ್ರ ಬಂತು. ಕಟ್ಟಡ ನಮಗೋ ಅಕ್ಕಿಗೋ ಎಂಬುದು ಅವರ ಒಂದು ಸಹಿಯ ಮೇಲೆ ನಿಂತಿತ್ತು. ಚಿತ್ರಗಳ ಕೆಳಗೆ ಬರೆದವರ ಹೆಸರೇ ಇಲ್ಲವೆಂದು ಹಿಂದಿನ ದಿನ ನೆನಪಾಗಿ, ಲಾರಿಗಳ ಮೇಲೆ ಅಕ್ಷರ ಬರೆಯುವ ಪೇಂಟರನನ್ನು ಹಿಡಿದು ತಂದೆ.

"ಯಾರ ಕೈಯಿಂದ ಆಗಿದ್ದು ಅನ್ನೂದು ಜನಕ್ಕ ತಿಳೀಬೇಕು. ‘ಕೈ’ ಅಂತ ಹಾಕಿ ಮುಂದ ಹೆಸರು ಬರಿ," ಎಂದು ಪಟ್ಟಿ ಕೊಟ್ಟು ಡ್ಯೂಟಿಗೆ ಓಡಿದೆ. ಅವನು ಮುತ್ತಿನಂಥ ಅಕ್ಷರದಲ್ಲಿ ಬರೆದ. ಪ್ರತಿಯೊಂದು ‘ಕೈ’ಗೂ ಒಂದು ಚುಕ್ಕೆಯನ್ನೂ ಇಟ್ಟ.

ನಮ್ಮ ಕಡೆ ಹೆಸರಿನ ಮೊದಲು ‘ಕೈ.’ ಎಂದು ಬರೆದರೆ ಕೈಲಾಸವಾಸಿ, ಅಂದರೆ ತೀರಿಹೋದವರು ಎಂದರ್ಥ.

ಸಾಹೇಬರು ಮೊದಲ ಚಿತ್ರದ ಕೆಳಗಿನ ಹೆಸರು ಓದಿ ಲೊಚಗುಟ್ಟಿದರು. ಮೂರನೆಯದಕ್ಕೆ ಬರುವಷ್ಟರಲ್ಲಿ ಟೊಪ್ಪಿಗೆ ತೆಗೆದಿದ್ದರು. "ಒಬ್ಬರೂ ಉಳಿದಿಲ್ಲಲ್ರಿ!" ಎಂದರು. ಆಗಲೇ ನಾನೂ ಓದಿದ್ದು. ನನ್ನ ಪಕ್ಕದಲ್ಲಿ ನಮ್ಮ ಸಂಘದ ಸದಸ್ಯರಾದ ಗ್ಯಾರೇಜಿನ ಮಿಸ್ತ್ರಿ ನಿಂತಿದ್ದರು. ಗೋಡೆಯ ಮೇಲೆ ಅವರದೂ ಒಂದು ಚಿತ್ರವಿತ್ತು. ತಮ್ಮ ಹೆಸರು ಓದಿಕೊಂಡು ನನ್ನ ಕಿವಿಯಲ್ಲಿ ಕೇಳಿದರು: "ಸೆಕ್ರೆಟ್ರಿ ಸಾಬ್, ಮೈ ಕಬ್ ಮರ್ ಗಯಾ?"

ತಾನು ಯಾವಾಗ ಸತ್ತೆ ಎಂದು ಕೇಳುವುದು ನ್ಯಾಯವೇ. ಆದರೆ ನನ್ನ ಬಾಯಿಂದ ಬಂದದ್ದು, "ಸಹಿ ಆಗೂತನಕ ತಡಕೋರಿ."

"ಇಂಥವರ ನೆನಪಿನ ಜಾಗಾದಾಗ ಅಕ್ಕಿ ಚೀಲ ಇಡೂದೇನ್ರಿ? ಪಾಪ ಹತ್ತತೈತಿ," ಎಂದು ಸಾಹೇಬರು ಕಟ್ಟಡ ಸಂಘಕ್ಕೇ ಇರಲಿ ಎಂದು ಬರೆದು ಸಹಿ ಹಾಕಿದರು. ಶಾಯಿ ಇನ್ನೂ ಆರಿರಲಿಲ್ಲ, ಬಸ್ಸಿಳಿದ ಡ್ರಾಯಿಂಗ್ ಮಾಸ್ತರರು ಏದುಸಿರು ಬಿಡುತ್ತ ಒಳಗೆ ಬಂದರು.

"ನಮಸ್ಕಾರ್ರಿ ಸಾಹೇಬರ, ತಡಾ ಆತು. ಆ ಮೂಲಿ ಚಿತ್ರ ನಂದರಿ."

ಸಾಹೇಬರು ಹೆಸರು ಓದಿದರು, ಮಾಸ್ತರರನ್ನು ನೋಡಿದರು, ಮತ್ತೆ ಹೆಸರು ಓದಿದರು.

"ಇವರು... ಅವರ ತಮ್ಮರಿ," ಎಂದುಬಿಟ್ಟೆ.

"ಎಲ್ಲೀ ತಮ್ಮ?" ಮಾಸ್ತರರು ಉರಿದುಬಿದ್ದರು. "ನಾನ ಮಾಸ್ತರ!"

ಇನ್ನು ಮುಚ್ಚಿಡುವುದೇನು ಉಳಿಯಿತು? ಚುಕ್ಕೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಸಾಹೇಬರು ಸಹಿ ಹಾಕಿದ ಕಾಗದ ಎತ್ತಿಕೊಂಡರು. ಈಗ ಹರಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ. ಅವರು ಅದನ್ನು ಮಡಿಚಿ ನನ್ನ ಅಂಗೈಯಲ್ಲಿಟ್ಟು ಮಾಸ್ತರರ ಕಡೆ ತಿರುಗಿದರು.

"ಮಾಸ್ತರ, ಬರೂ ವರ್ಷ ತಪಾಸಣೆಗೆ ಬರೂಕಿಂತ ಮೊದಲ ಪತ್ರಾ ಹಾಕ್ತೇನಿ. ಅವತ್ತೊಂದಿನ ಮಾತ್ರ ನೀವು ಕೈಲಾಸದಾಗ ಇರ್ರಿ."